ಲಾ ಕಾಲೇಜಿಗೆ ಸೇರುತ್ತಿದ್ದೀರಾ? ಮೊದಲು ನಿಯಮಗಳ ಪುಸ್ತಕ ತೆಗೆಯಿರಿ

ಎಲ್‌ಎಲ್‌ಬಿ ಓದುವಾಗ ನಾನು ಇಂಟರ್ನ್‌ಶಿಪ್ ಡೈರಿಯನ್ನು ಕೊನೆಯ ಸೆಮಿಸ್ಟರ್‌ವರೆಗೆ ಮುಟ್ಟಿರಲಿಲ್ಲ. ‘ಅದನ್ನೆಲ್ಲ ಕೊನೆಗೆ ಒಂದು ವಾರ ಕೂತು ಬರೆದರಾಯ್ತು’ ಅಂತ ಸೀನಿಯರ್‌ಗಳು ಹೇಳಿದ್ದರು. ನಂಬಿದೆ. ಬರೆಯಲು ಕೂತಾಗ ಯಾವ ಕೇಸು, ಯಾವ ದಿನ, ಸಾಕ್ಷಿ ಏನು ಹೇಳಿದ, ಒಂದೂ ನೆನಪಾಗಲಿಲ್ಲ. ಕೋರ್ಟಿನಲ್ಲಿ ಬೆಂಚಿನ ಮೇಲೆ ಕೂತು ಕಳೆದ ಅಷ್ಟೂ ದಿನ ನೀರಲ್ಲಿ ಹೋಮ ಮಾಡಿದಂತಾಯಿತು. ಡೈರಿಯಲ್ಲಿ ಏನು ಬರೆಯಬೇಕು, ಯಾರು ನೋಡಬೇಕು, ಎಷ್ಟು ಅಂಕ ಎಂಬುದು ನಿಯಮದಲ್ಲೇ ಸ್ಪಷ್ಟವಾಗಿತ್ತು. ನಾನು ಅದನ್ನು ಓದಿರಲೇ ಇಲ್ಲ.

ಈಗ ಪ್ರತಿ ವರ್ಷ ರಿಸಲ್ಟ್ ಬಂದ ಮೇಲೆ ಹುಡುಗ ಹುಡುಗಿಯರು ಮಾರ್ಕ್ಸ್ ಕಾರ್ಡ್ ಹಿಡಿದು ನನ್ನ ಆಫೀಸಿಗೆ ಬರುತ್ತಾರೆ. ‘ಸರ್, ಯಾವ ಕಾಲೇಜು ಒಳ್ಳೇದು?’ ಎಂದು ಕೇಳುತ್ತಾರೆ. ನಿಯಮಗಳ ಬಗ್ಗೆ ಕೇಳಿದವರನ್ನು ನಾನಿನ್ನೂ ನೋಡಿಲ್ಲ. ಅವರಿಗೆ ಹೇಳುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಸೀಟು ಹಿಡಿಯುವ ಮುಂಚೆ

ನಮ್ಮ ರಾಜ್ಯದ ಬಹುತೇಕ ಕಾನೂನು ಕಾಲೇಜುಗಳು ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ಬರುತ್ತವೆ. ಈ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಪರೀಕ್ಷೆ, ಪಠ್ಯ, ಪದವಿ ಅದರ ಕೈಯಲ್ಲಿ. ಅದರ ಮೇಲೆ ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಿವೆ. ಪ್ರವೇಶ, ಹಾಜರಾತಿ, ಇಂಟರ್ನ್‌ಶಿಪ್‌ ವಿಚಾರದಲ್ಲಿ ಎಲ್ಲ ಕಾಲೇಜೂ ಕೊನೆಗೆ ಬೊಟ್ಟು ಮಾಡುವುದು ಆ ನಿಯಮಗಳ ಕಡೆಗೇ.

ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಕೋರ್ಸ್, ಪದವಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌ಬಿ. ಎರಡಕ್ಕೂ ಹಿಂದಿನ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ 40 ಅಂಕ ಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪದವಿ ಪಡೆದವರಿಗೆ ಪ್ರವೇಶ ಇಲ್ಲ. ಇದು ಗೊತ್ತಿಲ್ಲದೆ ಫೀಸು ಕಟ್ಟಿ ಆಮೇಲೆ ಅಳುವವರಿದ್ದಾರೆ. ದಯವಿಟ್ಟು ಮೊದಲೇ ನೋಡಿಕೊಳ್ಳಿ.

ಕಾಲೇಜಿಗೆ ವಕೀಲರ ಪರಿಷತ್ತಿನ ಮಾನ್ಯತೆ ಇದೆಯೇ, ಯಾವ ವರ್ಷದವರೆಗೆ ಇದೆ ಎಂದು ಕೇಳಿ. ಬಾಯಿಮಾತಿಗೆ ಒಪ್ಪಬೇಡಿ, ಪತ್ರ ತೋರಿಸಿ ಅನ್ನಿ. ಮಾನ್ಯತೆ ಇಲ್ಲದ ಕಾಲೇಜಿನ ಪದವಿ ಹಿಡಿದು ಹೋದರೆ ವಕೀಲಿ ಸನ್ನದು, ಅಂದರೆ ವಕೀಲರಾಗಿ ಕೆಲಸ ಮಾಡುವ ಪರವಾನಗಿ, ಸಿಗುವುದಿಲ್ಲ.

‘ಊರಿನ ಕಾಲೇಜಲ್ಲಿ ಓದಿದರೆ ಏನು ಪ್ರಯೋಜನ, ಬೆಂಗಳೂರಿಗೇ ಹೋಗಬೇಕು’ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರದ್ದು. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ ಓದಿದ್ದು ಅಲ್ಲೇ. ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್ ಕೂಡ ಅಲ್ಲಿಯವರೇ. ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಕೋರ್ಟಿಗೆ ಸುಲಭವಾಗಿ ಓಡಾಡಲು ಆಗುತ್ತದಾ ಎಂಬುದೇ ನನ್ನ ಪ್ರಕಾರ ದೊಡ್ಡ ಪ್ರಶ್ನೆ.

ಸೇರುವ ದಿನ

ಸಹಿ ಹಾಕುವ ಪ್ರತಿ ಕಾಗದವನ್ನೂ ಓದಿ. ರ‍್ಯಾಗಿಂಗ್ ಮಾಡುವುದಿಲ್ಲ ಎಂದು ವಿದ್ಯಾರ್ಥಿ ಮತ್ತು ಪೋಷಕರು ಇಬ್ಬರೂ ಮುಚ್ಚಳಿಕೆ ಕೊಡಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮ ಇದು. ನಿಮಗೇ ತೊಂದರೆಯಾದರೆ 1800-180-5522ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಜೊತೆಗೆ ಇನ್ನೊಂದು ಘೋಷಣೆ ಇದೆ. ಬೇರೆ ರೆಗ್ಯುಲರ್ ಕೋರ್ಸ್ ಓದುತ್ತಿದ್ದೀರಾ, ಕೆಲಸದಲ್ಲಿದ್ದೀರಾ, ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇದೆಯಾ ಎಂಬ ಬಗ್ಗೆ ವಿವರ ಪಡೆಯಬೇಕೆಂದು ವಕೀಲರ ಪರಿಷತ್ತು 2024ರ ಸೆಪ್ಟೆಂಬರ್‌ನಲ್ಲಿ ಕಾಲೇಜುಗಳಿಗೆ ಹೇಳಿದೆ. ಇಲ್ಲಿ ಸುಳ್ಳು ಬರೆದರೆ ಸನ್ನದಿನ ಹೊತ್ತಿಗೆ ಅದು ಎದುರು ಬಂದು ನಿಲ್ಲುತ್ತದೆ. ಕೆಲಸ ಮಾಡುತ್ತಲೇ ಓದುವ ಆಸೆ ಇದ್ದರೆ ಮುಚ್ಚಿಡಬೇಡಿ. ಪ್ರಾಂಶುಪಾಲರ ಬಳಿ ಮೊದಲೇ ಮಾತಾಡಿ. ಇದು ಪೂರ್ಣಾವಧಿ ಕೋರ್ಸ್, ವಾರಕ್ಕೆ 30 ಗಂಟೆ ತರಗತಿ ಎಂದು ನಿಯಮವೇ ಹೇಳುತ್ತದೆ. ‘ಸುಮ್ನೆ ಪರೀಕ್ಷೆಗೆ ಬಂದು ಬರೆದು ಹೋದರಾಯ್ತು’ ಎನ್ನುವ ಏಜೆಂಟರ ಮಾತಿಗೆ ಬೀಳಬೇಡಿ.

ಒರಿಜಿನಲ್ ಅಂಕಪಟ್ಟಿಗಳನ್ನು ಕಾಲೇಜು ಪರಿಶೀಲಿಸಿ ವಾಪಸ್ ಕೊಡಬೇಕು, ಒತ್ತೆ ಇಟ್ಟುಕೊಳ್ಳುವಂತಿಲ್ಲ. ಸೀಟು ಬಿಡುವುದಾದರೆ ಫೀಸು ವಾಪಸಾತಿಗೂ ಯುಜಿಸಿ 2018ರಲ್ಲಿ ಲೆಕ್ಕ ಹಾಕಿಕೊಟ್ಟಿದೆ. ಪ್ರವೇಶದ ಕೊನೆ ದಿನಕ್ಕೆ 15 ದಿನ ಮೊದಲು ತಿಳಿಸಿದರೆ ಪೂರ್ತಿ ಹಣ, ಆದರೆ ಅದರಲ್ಲಿ ಸಣ್ಣ ಮೊತ್ತ ಮುರಿದುಕೊಳ್ಳಬಹುದು. ಆ 15 ದಿನದೊಳಗೆ ಹೇಳಿದರೆ ಶೇ 90. ಕೊನೆ ದಿನ ದಾಟಿ 15 ದಿನದವರೆಗೆ ಶೇ 80, 30 ದಿನದವರೆಗೆ ಶೇ 50. ಆಮೇಲೆ ಏನೂ ಇಲ್ಲ.

ಹಾಜರಾತಿ: ಲೆಕ್ಕ ನೀವೇ ಇಟ್ಟುಕೊಳ್ಳಿ

ಪ್ರತಿ ವಿಷಯದಲ್ಲೂ ಶೇ 70 ಹಾಜರಾತಿ ಬೇಕು ಎನ್ನುತ್ತದೆ 2008ರ ನಿಯಮ. ಒಟ್ಟು ಸರಾಸರಿ ಇದ್ದರೆ ಸಾಕು ಎಂದು ತುಂಬ ಜನ ತಿಳಿದಿದ್ದಾರೆ. ತಪ್ಪು. ಒಂದು ವಿಷಯದಲ್ಲಿ 60 ತರಗತಿ ನಡೆದಿದ್ದರೆ 42ಕ್ಕೆ ನೀವು ಇರಬೇಕು. ತೀರಾ ಅಸಾಧಾರಣ ಕಾರಣವಿದ್ದರೆ ಪ್ರಾಂಶುಪಾಲರು ಶೇ 65ಕ್ಕೆ ಇಳಿಸಬಹುದು. ಅದೂ ಎಲ್ಲ ವಿಷಯ ಸೇರಿಸಿ ಶೇ 70 ಇದ್ದರೆ ಮಾತ್ರ. ಅಂದರೆ 42ರ ಬದಲು 39. ಮೂರೇ ಮೂರು ತರಗತಿಯ ರಿಯಾಯಿತಿ! ಇದನ್ನೇ ನೆಚ್ಚಿಕೊಂಡು ಹಬ್ಬ, ಮದುವೆ, ಜಾತ್ರೆ ಅಂತ ತಿಂಗಳುಗಟ್ಟಲೆ ಊರಲ್ಲಿ ಕೂತರೆ ಹೇಗೆ?

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ವಿಷಯವಾರು ಗೆರೆ ಎಳೆಯಿರಿ. ತರಗತಿ ನಡೆದ ದಿನ, ನೀವು ಹೋದ ದಿನ ಗುರುತು ಹಾಕಿ. ತಿಂಗಳಿಗೊಮ್ಮೆ ಕಾಲೇಜಿನ ಲೆಕ್ಕದೊಂದಿಗೆ ಹೋಲಿಸಿ. ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಸ್ಪರ್ಧೆ, ಕ್ರೀಡೆ, ಎನ್‌ಎಸ್‌ಎಸ್ ಶಿಬಿರಕ್ಕೆ ಹೋಗುವುದಿದ್ದರೆ ಹೋಗುವ ಮುಂಚೆಯೇ ಲಿಖಿತ ಅನುಮತಿ ತೆಗೆದುಕೊಳ್ಳಿ. ಕಾಯಿಲೆ ಬಿದ್ದರೆ ಡಾಕ್ಟರ ಸರ್ಟಿಫಿಕೇಟನ್ನು ಕಾಲೇಜಿಗೆ ಮರಳಿದ ವಾರವೇ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸೆಮಿಸ್ಟರ್ ಕೊನೆಯಲ್ಲಿ ಕೊಟ್ಟ ಸರ್ಟಿಫಿಕೇಟನ್ನು ಯಾರೂ ಪೂರ್ತಿ ನಂಬುವುದಿಲ್ಲ.

ಓದು ಮತ್ತು ಪರೀಕ್ಷೆ

ಪ್ರಶ್ನೆಪತ್ರಿಕೆಯ ಸೂಚನೆಗಳಲ್ಲಿ ಒಂದು ಸಾಲಿರುತ್ತದೆ: ಉತ್ತರಗಳನ್ನು ಸಂಪೂರ್ಣವಾಗಿ ಇಂಗ್ಲಿಷಿನಲ್ಲಿ ಇಲ್ಲವೇ ಕನ್ನಡದಲ್ಲಿ ಬರೆಯಬೇಕು. ಎರಡೂ ಬೆರೆಸುವಂತಿಲ್ಲ. ಹಾಗಾಗಿ ಮೊದಲ ಸೆಮಿಸ್ಟರ್‌ನಲ್ಲೇ ತೀರ್ಮಾನ ಮಾಡಿ. ಕನ್ನಡದಲ್ಲಿ ಬರೆಯುವುದು ನಿಮ್ಮ ಹಕ್ಕು, ಅದರಲ್ಲಿ ಕೀಳರಿಮೆ ಬೇಡವೇ ಬೇಡ. ಕೆಳ ಕೋರ್ಟುಗಳಲ್ಲಿ ಕಕ್ಷಿದಾರರು, ಸಾಕ್ಷಿಗಳು ಮಾತಾಡುವುದು ಕನ್ನಡವೇ. ಆದರೆ ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದ್ದರಿಂದ ಕನ್ನಡದಲ್ಲಿ ಬರೆಯುವವರೂ ಕಾಯ್ದೆಯ ಮೂಲ ಪಠ್ಯವನ್ನು, ಅಂದರೆ ಬೇರ್ ಆಕ್ಟನ್ನು, ಇಂಗ್ಲಿಷಿನಲ್ಲಿ ದಿನಕ್ಕೆ ಎರಡು ಪುಟ ಓದಿ. ಪರೀಕ್ಷೆಯ ರೂಪವನ್ನು ತಿಳಿಯಲು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ.

ಹಳೆ ಪುಸ್ತಕ ಕೊಳ್ಳುವವರು ಇಲ್ಲಿ ಸ್ವಲ್ಪ ಜೋಪಾನ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಕೊಲೆಗೆ ಶಿಕ್ಷೆ ಹೇಳುವ ಕಲಂ 302 ಈಗ 103. ವಂಚನೆಯ 420 ಈಗ 318ರೊಳಗೆ ಸೇರಿದೆ. ಅಣ್ಣನೋ ಅಕ್ಕನೋ ಕೊಟ್ಟ ಹಳೆ ಪುಸ್ತಕವನ್ನು ಎಸೆಯಬೇಡಿ, ಹಿಂದಿನ ಕೃತ್ಯಗಳ ಕೇಸುಗಳು ಇನ್ನೂ ಹಳೆ ಕಲಮುಗಳಲ್ಲೇ ನಡೆಯುತ್ತಿವೆ. ಆದರೆ ಪರೀಕ್ಷೆಗೆ ಅದೊಂದನ್ನೇ ನಂಬಬೇಡಿ.

ಅಂಕ ಕಡಿಮೆ ಬಂತು ಅನ್ನಿಸಿದರೆ ಮರುಮೌಲ್ಯಮಾಪನಕ್ಕೆ ಗಡುವಿನೊಳಗೆ ಅರ್ಜಿ ಹಾಕಿ. ನಿಮ್ಮ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರ ನಿಮಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅರ್ಜಿ ಶುಲ್ಕ 10 ರೂಪಾಯಿ. ಕಾನೂನು ವಿದ್ಯಾರ್ಥಿಯೇ ಇದನ್ನು ಬಳಸದಿದ್ದರೆ ಇನ್ಯಾರು ಬಳಸಬೇಕು?

ಇಂಟರ್ನ್‌ಶಿಪ್ ಮತ್ತು ಆ ಡೈರಿ

ನಾನು ಎಡವಿದ್ದು ಇಲ್ಲೇ. ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೂರು ವರ್ಷದವರು ಕನಿಷ್ಠ 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಯಾವುದೇ ವರ್ಷ ಸತತವಾಗಿ ನಾಲ್ಕು ವಾರಕ್ಕಿಂತ ಜಾಸ್ತಿ ಆಗುವಂತಿಲ್ಲ. ಅಂದರೆ ಕೊನೆ ವರ್ಷ ಒಟ್ಟಿಗೆ ಮುಗಿಸುತ್ತೇನೆ ಎಂದುಕೊಂಡವರಿಗೆ ದಾರಿಯೇ ಇಲ್ಲ. ವಕೀಲರ ಕಚೇರಿ, ಸ್ವಯಂಸೇವಾ ಸಂಸ್ಥೆ, ಕಂಪನಿ, ಸ್ಥಳೀಯ ಸಂಸ್ಥೆ ಎಲ್ಲಿ ಬೇಕಾದರೂ ಮಾಡಬಹುದು. ಆದರೂ ಮೊದಲ ವರ್ಷ ತಾಲ್ಲೂಕು ಕೋರ್ಟಿನ ವಕೀಲರೊಬ್ಬರ ಬಳಿ ಹೋಗಿ ಎನ್ನುತ್ತೇನೆ. ಅಲ್ಲಿ ಫೈಲು ಕಟ್ಟುವುದು, ವಕಾಲತ್ತು ಹಾಕುವುದು, ಕೋರ್ಟ್ ಫೀ ಲೆಕ್ಕ, ಎಲ್ಲ ಕಣ್ಣಮುಂದೆ ನಡೆಯುತ್ತದೆ. ವಕೀಲರ ಗುಮಾಸ್ತರೊಂದಿಗೆ ಒಂದು ವಾರ ಓಡಾಡಿ. ಅವರು ಕಲಿಸುವುದು ಯಾವ ಪಠ್ಯದಲ್ಲೂ ಇಲ್ಲ.

ಮೂಟ್ ಕೋರ್ಟ್ ಮತ್ತು ಇಂಟರ್ನ್‌ಶಿಪ್ ಎರಡೂ ಸೇರಿದ ಪತ್ರಿಕೆಯ 100 ಅಂಕದ ಲೆಕ್ಕ ಹೀಗಿದೆ. ಮೂರು ಮೂಟ್ ಕೋರ್ಟಿಗೆ 30. ಪ್ರತಿಯೊಂದರಲ್ಲೂ ಬರಹಕ್ಕೆ 5, ವಾದಕ್ಕೆ 5. ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ದಾಖಲಿಸಲು 30. ಕಕ್ಷಿದಾರರೊಂದಿಗೆ ವಕೀಲರು ಮಾತಾಡುವ ಎರಡು ಭೇಟಿ ನೋಡಿ ಬರೆಯಲು 15, ದಾವೆಯ ಕಾಗದ ತಯಾರಾಗಿ ಸಲ್ಲಿಕೆಯಾಗುವುದನ್ನು ನೋಡಿ ಬರೆಯಲು 15. ಉಳಿದ 10 ಮೌಖಿಕ ಪರೀಕ್ಷೆಗೆ.

ವಿಚಾರಣೆ ನೋಡಲು ಕೇಸು ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಸಿವಿಲ್ ದಾವೆಯನ್ನು ಮೊದಲ ದಿನದಿಂದ ಹಿಡಿದರೆ ನಿಮ್ಮ ಪದವಿ ಮುಗಿದರೂ ಅದು ಮುಗಿಯಲಿಕ್ಕಿಲ್ಲ. ಸಾಕ್ಷಿಯ ಹಂತಕ್ಕೆ ಬಂದ ಕೇಸು ಹುಡುಕಿ. ಮುಖ್ಯ ವಿಚಾರಣೆ, ಪಾಟಿ ಸವಾಲು, ವಾದ ಮೂರನ್ನೂ ನೋಡಲು ಸಿಗುತ್ತದೆ. ಕೇಸನ್ನು ಗುರುತಿಸಲು ಕೊಡುವ 16 ಅಕ್ಷರ ಅಂಕಿಗಳ ಸಿಎನ್‌ಆರ್ ನಂಬರ್ ಬರೆದುಕೊಂಡರೆ ಇ–ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ದಿನಾಂಕ ಗೊತ್ತಾಗುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ (ಪೋಕ್ಸೊ) ವಿಚಾರಣೆ ಮುಚ್ಚಿದ ಬಾಗಿಲಲ್ಲಿ ನಡೆಯುತ್ತದೆ, ಅದನ್ನು ಆರಿಸಬೇಡಿ.

ಡೈರಿಯನ್ನು ಅದೇ ಸಂಜೆ ಬರೆಯಿರಿ. ದಿನಾಂಕ, ಕೋರ್ಟು, ಹಂತ, ಯಾರು ಏನು ಕೇಳಿದರು, ನಿಮಗೆ ಅರ್ಥವಾಗದ್ದು ಏನು. ಆ ಕೊನೆಯ ಸಾಲು ಬಹಳ ಮುಖ್ಯ. ಮರುದಿನ ವಕೀಲರ ಬಳಿ ಕೇಳುವ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಕಕ್ಷಿದಾರರ ಹೆಸರು, ಮನೆ ಗುಟ್ಟು ಡೈರಿಯಲ್ಲಿ ಬೇಡ. ಅವರು ವಕೀಲರನ್ನು ನಂಬಿ ಹೇಳಿದ್ದು ಅದು. ವಾರಕ್ಕೊಮ್ಮೆ ವಕೀಲರಿಂದ ಸಹಿ ಹಾಕಿಸಿ.

ಉಡುಪು: ಬಿಳಿ ಅಂಗಿ, ಬಿಳಿ ಅಥವಾ ಕಪ್ಪು ಪ್ಯಾಂಟು, ಕಪ್ಪು ಟೈ, ಕಪ್ಪು ಕೋಟು, ಕಪ್ಪು ಬೂಟು. ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡು, ಗೌನು ಸನ್ನದು ಪಡೆದವರಿಗೆ ಮಾತ್ರ. ಫೋಟೊಗಾಗಿಯೂ ಹಾಕಿಕೊಳ್ಳಬೇಡಿ.

ತೊಂದರೆ ಬಂದಾಗ

ಕಾಲೇಜಿನಲ್ಲಿ ಅನ್ಯಾಯವಾದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಿಟ್ಟು ಹೊರಹಾಕಿ ಸುಮ್ಮನಾಗಬೇಡಿ. ಅರ್ಜಿ ಬರೆಯಿರಿ, ಇನ್‌ವರ್ಡ್ ನಂಬರ್ ಪಡೆಯಿರಿ. ಯುಜಿಸಿಯ 2023ರ ನಿಯಮದಂತೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಲೇಬೇಕು. ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ (ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿಗೆ) ಮೇಲ್ಮನವಿ ಹೋಗಬಹುದು. ಲೈಂಗಿಕ ಕಿರುಕುಳದ ದೂರಿಗೆ ಬೇರೆಯೇ ಆಂತರಿಕ ಸಮಿತಿ ಇದೆ. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸಮಿತಿ ಸದಸ್ಯರ ಹೆಸರು, ಫೋನ್ ನಂಬರ್ ಸೇರಿದ ವಾರವೇ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಬೇಕಾದಾಗ ಹುಡುಕುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ.

ಪದವಿ ಕೈಗೆ ಬಂದ ಮೇಲೆ

ರಾಜ್ಯ ವಕೀಲರ ಪರಿಷತ್ತಿಗೆ ಸನ್ನದಿಗಾಗಿ ಅರ್ಜಿ ಹಾಕಿ. ವಕೀಲರ ಕಾಯ್ದೆಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ನೋಂದಣಿ ಶುಲ್ಕ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ಕೊಟ್ಟಿದೆ. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ 125. ಬಡ ಮನೆಯ ಮಕ್ಕಳಿಗೆ ಇದು ಎಷ್ಟು ದೊಡ್ಡ ವಿಷಯ ಅಲ್ವಾ!

ಮೊದಲು ಸಿಗುವುದು ತಾತ್ಕಾಲಿಕ ಸನ್ನದು. ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಅಲ್ಲಿ ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಒಯ್ಯಲು ಅವಕಾಶವಿದೆ.

ನ್ಯಾಯಾಧೀಶರಾಗುವ ಆಸೆ ಇರುವವರು ಇನ್ನೊಂದು ತೀರ್ಪು ನೋಡಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷ ವಕೀಲಿ ಕಡ್ಡಾಯ ಎಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ಮತ್ತೆ ಹೇಳಿತು. ಆ ಮೂರು ವರ್ಷ ಎಣಿಸುವುದು ತಾತ್ಕಾಲಿಕ ಸನ್ನದಿನ ದಿನದಿಂದ. ಸನ್ನದು ಕೈಗೆ ಬಂದ ದಿನವೇ ಹೊಸ ಡೈರಿ ತಂದು, ಆ ತಾರೀಖನ್ನು ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.