ಆಲ್ಪ್ಸ್ ಏರಿದ ಮೊದಲ ಫ್ರೆಂಚ್ ವಿದ್ಯುತ್ ಎಂಜಿನ್‌ಗಳನ್ನು ಓದುವ ಬಗೆ

ಹಳೆಯದೊಂದು ಫೋಟೋ ನಿಮ್ಮ ಮುಂದಿದೆ ಎಂದುಕೊಳ್ಳಿ. ಹಿಮ ಹೊದ್ದ ಬೆಟ್ಟಗಳ ಕಣಿವೆಯಲ್ಲಿ ಉದ್ದನೆಯ ವಿದ್ಯುತ್ ಎಂಜಿನೊಂದು ಎಕ್ಸ್‌ಪ್ರೆಸ್ ಗಾಡಿಯನ್ನು ಎಳೆಯುತ್ತಿದೆ, ಅದರ ಮೈಮೇಲೆ '2ಸಿಸಿ2 3402' ಎಂದು ಬರೆದಿದೆ, ಆದರೆ ಹಳಿಯ ಮೇಲೆ ತಂತಿಯೇ ಕಾಣುವುದಿಲ್ಲ. ಇಂಥ ಚಿತ್ರದಿಂದ ಎಂಜಿನ್ನು ಯಾವ ಮಾರ್ಗದ್ದು, ಯಾವ ಕೆಲಸಕ್ಕೆ ಹುಟ್ಟಿದ್ದು, ಅದರ ರೂಪ ಹೀಗೇಕೆ ಎಂಬುದನ್ನು ಬಿಡಿಸಿಕೊಳ್ಳುವುದು ಹೇಗೆ ಎಂದು ಇಲ್ಲಿ ವಿವರಿಸುತ್ತೇನೆ. ಹೆಚ್ಚಿನವರು ಅಶ್ವಶಕ್ತಿಯ ಅಂಕಿಯಿಂದ ಶುರುಮಾಡುತ್ತಾರೆ. ಅದು ತಪ್ಪು ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಏರನ್ನು ತಿಳಿಯಬೇಕು, ಆಮೇಲೆ ಗಾಲಿಗಳನ್ನು ಎಣಿಸಬೇಕು, ಶಕ್ತಿಯ ಮಾತು ಕೊನೆಗೆ ಬರಬೇಕು.

ಫ್ರೆಂಚರು ಏರನ್ನು ಸಾವಿರಕ್ಕೆ ಇಷ್ಟು, ಅಂದರೆ ಸಾವಿರ ಮೀಟರ್ ಸಾಗಿದರೆ ಇಷ್ಟು ಮೀಟರ್ ಏರು ಎಂದು ಹೇಳುತ್ತಾರೆ. ನಮ್ಮ ರೈಲ್ವೆಯಲ್ಲಿ ಇಷ್ಟಕ್ಕೆ ಒಂದು ಎನ್ನುವುದು ರೂಢಿ. ಸಾವಿರವನ್ನು ಫ್ರೆಂಚ್ ಅಂಕಿಯಿಂದ ಭಾಗಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. ಕ್ಯುಲೋದಿಂದ ಶಾಂಬೆರಿ ಮೂಲಕ ಇಟಲಿಯ ಗಡಿಯ ಮೊದಾನಿಗೆ ಹೋಗುವ ಮಾರ್ಗವು ಮೊರಿಯೆನ್ ಕಣಿವೆಯ ಮೇಲ್ಭಾಗದಲ್ಲಿ ಸಾವಿರಕ್ಕೆ 30ರಷ್ಟು ಏರುತ್ತದೆ, ಅಂದರೆ ಸುಮಾರು 33ಕ್ಕೆ 1. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ ಇದು 50ಕ್ಕೆ 1, ಕ್ಯಾಸಲ್‌ರಾಕ್‌ನಿಂದ ಗೋವೆಯತ್ತ ಇಳಿಯುವಲ್ಲಿ 37ಕ್ಕೆ 1. ಆ ಘಾಟಿಗಳಲ್ಲಿ ಗಾಡಿಗೆ ಹಿಂದಿನಿಂದಲೂ ಎಂಜಿನ್ ಜೋಡಿಸುವುದನ್ನು ಕಂಡವರಿಗೆ ಮೊರಿಯೆನ್ ಏರಿನ ಗಂಭೀರತೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಪಿರೆನೀಸ್ ಸೀಮೆಯಲ್ಲಿ ಮಿದಿ ಎಂಬ ರೈಲ್ವೆ ಕಂಪನಿಯದ್ದು ಇನ್ನೂ ಕಠಿಣವಾದ ಪಾಡು: ತೂಲೂಸ್–ಬಯೋನ್ ಮುಖ್ಯ ಮಾರ್ಗದಲ್ಲೇ ಕಾಪ್ವೆರ್ನ್ ಬಳಿ ಸಾವಿರಕ್ಕೆ 33ರ ಏರಿದೆ, 1928ರಲ್ಲಿ ತೆರೆದ ಪೋ–ಕಾನ್ಫ್ರಾಂಕ್ ಮಾರ್ಗದಲ್ಲಿ ಅದು 43ರವರೆಗೂ ಹೋಗುತ್ತದೆ.

ಏರು ತಿಳಿದ ಮೇಲೆ ಒಂದು ಸಣ್ಣ ಲೆಕ್ಕವನ್ನು ಕಾಗದದ ಮೇಲೆ ಮಾಡಿನೋಡಿ, ಏಕೆಂದರೆ ಎಂಜಿನ್ನಿನ ರೂಪವೆಲ್ಲ ಇದರೊಳಗೇ ಅಡಗಿದೆ. 400 ಟನ್ನಿನ ಗಾಡಿ ಮತ್ತು 160 ಟನ್ನಿನ ಎಂಜಿನ್ ಸೇರಿ 560 ಟನ್ ಎನ್ನಿ. ಸಾವಿರಕ್ಕೆ 30ರ ಏರಿನಲ್ಲಿ ಪ್ರತಿ ಟನ್ನಿಗೆ 30 ಕಿಲೋ ಸೆಳೆತ ಬೇಕು, ಗಾಲಿಗಳ ಉರುಳಿಕೆಯ ಮತ್ತು ತಿರುವುಗಳ ತಡೆಗೆ ಇನ್ನೊಂದು 5 ಕಿಲೋ ಸೇರಿಸಿದರೆ ಒಟ್ಟು 19,600 ಕಿಲೋ, ಅಂದರೆ ಹೆಚ್ಚುಕಡಿಮೆ 20 ಟನ್ನಿನ ಸೆಳೆತವಾಗುತ್ತದೆ. ಉಕ್ಕಿನ ಗಾಲಿಯು ಉಕ್ಕಿನ ಹಳಿಯ ಮೇಲೆ ಜಾರದೆ ಹಿಡಿಯಬಲ್ಲದ್ದು ತನ್ನ ಮೇಲಿನ ಭಾರದ ಸುಮಾರು ಐದನೆಯ ಒಂದು ಪಾಲನ್ನು ಮಾತ್ರ. ಆದ್ದರಿಂದ ಎಳೆಯುವ ಗಾಲಿಗಳ ಮೇಲೆ ನೂರು ಟನ್ ಭಾರವಾದರೂ ಕೂರಲೇಬೇಕು. ಒಂದು ಅಚ್ಚಿನ ಮೇಲೆ 18 ಟನ್ ಹಾಕಬಹುದೆಂದು ಹಿಡಿದರೆ ಆರು ಅಚ್ಚುಗಳಿಗೆ 108 ಟನ್. ಎಳೆಯುವ ಅಚ್ಚುಗಳು ಆರೇ ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಈಗ ಹೆಸರನ್ನು ಓದಿ. ಫ್ರೆಂಚರು ಗಾಲಿಗಳನ್ನಲ್ಲ, ಅಚ್ಚುಗಳನ್ನು ಎಣಿಸುತ್ತಾರೆ. ಅಂಕಿಯು ಬರಿದೇ ಭಾರ ಹೊರುವ ಅಚ್ಚುಗಳನ್ನು, ಅಕ್ಷರವು ಎಳೆಯುವ ಅಚ್ಚುಗಳನ್ನು ಸೂಚಿಸುತ್ತದೆ: ಎ ಎಂದರೆ ಒಂದು, ಬಿ ಎಂದರೆ ಎರಡು, ಸಿ ಎಂದರೆ ಮೂರು. 2ಸಿಸಿ2 ಎಂದರೆ ಮುಂದೆ ಹೊರುವ ಎರಡು, ಅದರ ಹಿಂದೆ ಎಳೆಯುವ ಮೂರು ಮತ್ತೆ ಮೂರು, ಕೊನೆಗೆ ಹೊರುವ ಎರಡು. ಒಟ್ಟು ಹತ್ತು ಅಚ್ಚು. ಪ್ಯಾರಿಸ್–ಲಿಯೋನ್–ಮೆಡಿಟರೇನಿಯನ್ ಕಂಪನಿಯ, ಅಂದರೆ ಪಿಎಲ್‌ಎಂನ ಕಾಲದ ಫೋಟೋ ಆಗಿದ್ದರೆ ಇದೇ ಎಂಜಿನ್ನಿನ ಮೇಲೆ 262 ಎಇ ಎಂದಿರುತ್ತದೆ. ಅಲ್ಲಿ ಆರೂ ಅಚ್ಚುಗಳನ್ನು ಒಟ್ಟಿಗೆ 6 ಎಂದು ಬರೆದಿದ್ದಾರೆ ಅಷ್ಟೆ. ಕೊನೆಯ ಇ ಅಕ್ಷರ ವಿದ್ಯುತ್ತಿನ ಗುರುತು. 1938ರಲ್ಲಿ ಕಂಪನಿಗಳೆಲ್ಲ ಫ್ರಾನ್ಸಿನ ರಾಷ್ಟ್ರೀಯ ರೈಲ್ವೆಯಾದ ಎಸ್‌ಎನ್‌ಸಿಎಫ್‌ಗೆ ಸೇರಿದ ಬಳಿಕ ಹೊಸ ಅಂಕಿಗಳು ಬಂದವು. ಹಾಗಾಗಿ ಮೈಮೇಲಿನ ಬರಹವೇ ಫೋಟೋದ ಕಾಲವನ್ನು ಅಂದಾಜಿಸಲು ಮೊದಲ ಸಾಕ್ಷಿಯಾಗುತ್ತದೆ.

ಅದೇ ಕಣಿವೆಯಲ್ಲಿ 161 ಎಂದು ಶುರುವಾಗುವ ಎಂಜಿನ್‌ಗಳೂ ಓಡುತ್ತಿದ್ದವು. ಇವುಗಳನ್ನು 2ಸಿಸಿ2 ಎಂದು ತಪ್ಪಾಗಿ ಗುರುತಿಸುವವರು ಬಹಳ. ಎಳೆಯುವ ಅಚ್ಚುಗಳು ಎರಡರಲ್ಲೂ ಆರೇ ಆದ್ದರಿಂದ ತುದಿಗಳನ್ನೇ ನೋಡಬೇಕು: ತುದಿಯಲ್ಲಿ ಸಣ್ಣ ಗಾಲಿ ಒಂದೇ ಇದ್ದರೆ ಅದು 161, ಎರಡಿದ್ದರೆ 262. ವೇಗವಾಗಿ ಓಡುವ ಎಂಜಿನ್ ತಿರುವಿಗೆ ನುಗ್ಗುವಾಗ ಅದರ ಮೂತಿಯನ್ನು ಹದವಾಗಿ ತಿರುಗಿಸಲು ಮುಂದೆ ಹೊರುವ ಅಚ್ಚುಗಳು ಬೇಕೇಬೇಕೆಂದು ಉಗಿ ಎಂಜಿನ್ನಿನ ಕಾಲದಿಂದ ಬಂದ ನಂಬಿಕೆ ಆಗ ಗಟ್ಟಿಯಾಗಿತ್ತು. ಅದರ ಬೆಲೆಯಾಗಿ ಎಳೆತಕ್ಕೆ ಬಾರದ ನಾಲ್ಕು ಅಚ್ಚುಗಳ ಭಾರವನ್ನೂ ಎಂಜಿನ್ನು ಬೆಟ್ಟಕ್ಕೆ ಹೊತ್ತೊಯ್ಯಬೇಕಾಗಿತ್ತು. ಸುಮಾರು 24 ಮೀಟರ್ ಉದ್ದದ, 160 ಟನ್ನಿನ ಹತ್ತಿರದ ಆ ಮೈಯನ್ನು ನೋಡುವಾಗ ನನಗೆ ಮೊದಲು ಕಾಣುವುದು ಇದೇ ಇಕ್ಕಟ್ಟು. ಏರಿಗೆ ಹಿಡಿತ ಬೇಕು, ವೇಗಕ್ಕೆ ನಡೆ ಬೇಕು, ಎರಡನ್ನೂ ಒಂದೇ ಎಂಜಿನ್ನಿಗೆ ಕೊಡಹೋದರೆ ಅದು ಬೆಳೆಯುತ್ತಲೇ ಹೋಗುತ್ತದೆ. ಈ 2ಸಿಸಿ2 ಬಗೆಯ ಎಂಜಿನ್‌ಗಳು ನಾಲ್ಕೇ ಆಗಿದ್ದವು.

ತಂತಿ ಏಕಿಲ್ಲ ಎಂಬುದಕ್ಕೂ ಅದೇ ಲೆಕ್ಕವನ್ನು ಮುಂದುವರಿಸಬೇಕು. 20 ಟನ್ನಿನ ಸೆಳೆತದಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗ ಬೇಕಾದರೆ ಗಾಲಿಯ ಬಳಿ ಸುಮಾರು 2,700 ಕಿಲೋವಾಟ್ ಶಕ್ತಿ ಬೇಕು. ಫ್ರಾನ್ಸ್ ಸರ್ಕಾರ 1920ರಲ್ಲಿ 1,500 ವೋಲ್ಟಿನ ನೇರ ವಿದ್ಯುತ್ತನ್ನು ಎಲ್ಲ ಕಂಪನಿಗಳಿಗೂ ಗೊತ್ತುಮಾಡಿತ್ತು. ಆ ವೋಲ್ಟೇಜಿನಲ್ಲಿ, ನಡುವೆ ಸೋರಿಹೋಗುವುದನ್ನೂ ಸೇರಿಸಿದರೆ, ಒಂದೇ ಎಂಜಿನ್ ಎರಡು ಸಾವಿರ ಆಂಪಿಯರಿನಷ್ಟು ಕರೆಂಟ್ ಎಳೆಯುತ್ತದೆ. ಇಷ್ಟನ್ನು ತೆಳುವಾದ ತಂತಿಯಿಂದ ಪಡೆಯುವುದಕ್ಕಿಂತ, ಹಳಿಗಳ ಪಕ್ಕದಲ್ಲಿ ಹಾಸಿದ ದಪ್ಪನೆಯ ಮೂರನೆಯ ಹಳಿಯಿಂದ ಪಡೆಯುವುದು ಮೇಲೆಂದು ಪಿಎಲ್‌ಎಂ ಎಂಜಿನಿಯರರು ತೀರ್ಮಾನಿಸಿದರು. ಫೋಟೋದಲ್ಲಿ ಬೋಗಿಯ (ಇಲ್ಲಿ ಡಬ್ಬಿಯಲ್ಲ, ಎಂಜಿನ್ನಿನಡಿ ಅಚ್ಚುಗಳನ್ನು ಹಿಡಿದ ಚೌಕಟ್ಟು) ಪಕ್ಕದಿಂದ ಹೊರಗೆ ಚಾಚಿದ ಚಪ್ಪಟೆಯ ಸಾಧನ ಕಂಡರೆ ಅದೇ ಆ ಹಳಿಯ ಮೇಲೆ ಜಾರುವ ಶೂ. ಕೆಲಸಗಾರರು ಹಳಿ ದಾಟಿ ಓಡಾಡುವ ಶಾಂಬೆರಿ, ಮೊದಾನಿನಂಥ ದೊಡ್ಡ ಯಾರ್ಡುಗಳಲ್ಲಿ ನೆಲದ ಮಟ್ಟದಲ್ಲಿ 1,500 ವೋಲ್ಟ್ ಇಡುವುದು ಅಪಾಯವಾದ್ದರಿಂದ ಅಲ್ಲಿ ಮೇಲೆ ತಂತಿ ಕಟ್ಟಿದ್ದರು. ಹೀಗಾಗಿ ಎಂಜಿನ್ನಿನ ನೆತ್ತಿಯ ಮೇಲೆ ತಂತಿಯಿಂದ ಕರೆಂಟ್ ಪಡೆಯುವ, ಮಡಚಬಲ್ಲ ಚೌಕಟ್ಟಾದ ಪ್ಯಾಂಟೋಗ್ರಾಫೂ ಇರುತ್ತದೆ. ಪ್ಯಾಂಟೋಗ್ರಾಫ್ ಮಡಚಿದ್ದು, ಗಾಡಿ ಓಡುತ್ತಿದ್ದರೆ ಮಾರ್ಗ ನಿಲ್ದಾಣಗಳ ನಡುವಿನದು. ಎತ್ತಿದ್ದರೆ ಅದು ಬಹುಶಃ ಯಾರ್ಡಿನ ಫೋಟೋ.

ಮೊದಾನಿನ ಚಿತ್ರಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. 1871ರಲ್ಲಿ ತೆರೆದ ಫ್ರೆಜೂಸ್ ಸುರಂಗದ ಮೂಲಕ ಇಟಲಿಯ ಗಾಡಿಗಳು ಇದೇ ನಿಲ್ದಾಣಕ್ಕೆ ಬರುತ್ತಿದ್ದವು, ಮತ್ತು ಆ ಕಾಲದಲ್ಲಿ ಅವುಗಳದ್ದು ಮೂರು ಫೇಸಿನ ವಿದ್ಯುತ್ತು. ಒಂದೇ ಹಳಿಯ ಮೇಲೆ ಎರಡು ತಂತಿಗಳು ಜೋಡಿಯಾಗಿ ಸಾಗಿದ್ದರೆ ಅದರಡಿಯ ಎಂಜಿನ್ನನ್ನು ಫ್ರೆಂಚ್ ಪಟ್ಟಿಯಲ್ಲಿ ಹುಡುಕಬೇಡಿ.

ಮೂರನೆಯ ಹಳಿ ಮೊರಿಯೆನ್‌ನಲ್ಲಿ 1976ರವರೆಗೂ ಉಳಿಯಿತು. ಆದ್ದರಿಂದ ಶೂ ಇದ್ದ ಮಾತ್ರಕ್ಕೆ ಫೋಟೋ 1930ರ ಕಾಲದ್ದೆಂದು ತೀರ್ಮಾನಿಸಬಾರದು. ಬಹಳ ಈಚಿನ ಸಿಸಿ 6500 ಜಾತಿಯ 21 ಎಂಜಿನ್‌ಗಳಿಗೂ ಈ ಕಣಿವೆಗಾಗಿ ಶೂ ಜೋಡಿಸಿ ಹಸಿರು ಬಣ್ಣ ಬಳಿದಿದ್ದರು. ಅವುಗಳ ಹೆಸರಿನ ಮುಂದೆ ಅಂಕಿಯಿಲ್ಲ ಎಂಬುದನ್ನು ಗಮನಿಸಿ. ಅಷ್ಟು ಹೊತ್ತಿಗೆ ಹೊರುವ ಅಚ್ಚುಗಳೇ ಬೇಡವಾಗಿದ್ದವು. ಒಳ್ಳೆಯ ಬೋಗಿ ಇದ್ದರೆ ಎಲ್ಲ ಅಚ್ಚುಗಳೂ ಎಳೆಯುತ್ತಲೇ ವೇಗವಾಗಿ ಓಡಬಲ್ಲವು ಎಂಬುದನ್ನು 1955ರಲ್ಲಿ ಗಂಟೆಗೆ 331 ಕಿಲೋಮೀಟರ್ ಮುಟ್ಟಿದ ಪ್ರಯೋಗವು ಸಾಬೀತುಮಾಡಿತ್ತು.

ಆಂಪಿಯರಿನ ತೊಡಕಿಗೆ ಪರಿಹಾರವೂ ಮೊರಿಯೆನ್ ಕಣಿವೆ ಇರುವ ಇದೇ ಸವೊಯ್ ಸೀಮೆಯಲ್ಲಿ ಸಿಕ್ಕಿತು. ಎಸ್‌ಎನ್‌ಸಿಎಫ್‌ನ ಎಂಜಿನಿಯರ್ ಲೂಯಿ ಅರ್ಮಾ ಅವರ ಮುಂದಾಳುತನದಲ್ಲಿ, ಎಕ್ಸ್-ಲೆ-ಬ್ಯಾಂ ಮತ್ತು ಲಾ ರೋಶ್-ಸ್ಯುರ್-ಫೊರೋ ನಡುವಿನ ಬೆಟ್ಟದ ಮಾರ್ಗದಲ್ಲಿ 50 ಹರ್ಟ್ಸಿನ ಹೆಚ್ಚು ವೋಲ್ಟಿನ ವಿದ್ಯುತ್ತನ್ನು ಪರೀಕ್ಷಿಸಿದರು. ವೋಲ್ಟೇಜ್ ಹೆಚ್ಚಿದಷ್ಟೂ ಕರೆಂಟ್ ಇಳಿಯುವುದರಿಂದ ತೆಳುವಾದ ತಂತಿಯೇ ಸಾಕಾಯಿತು. ಇಂದು ಬೆಂಗಳೂರು–ಮೈಸೂರು ಹಳಿಯ ಮೇಲೆ ತೂಗುವ 25,000 ವೋಲ್ಟಿನ ತಂತಿ ಆ ವಂಶದ್ದೇ.

2ಸಿಸಿ2 3402 ಈಗ ಶಾಂಬೆರಿಯ ಹಳೆಯ ದುಂಡನೆಯ ಎಂಜಿನ್ ಶೆಡ್ಡಿನಲ್ಲಿ ಉಳಿದಿದೆ. ಅಲ್ಲಿಗೆ ಹೋಗುವ ಅವಕಾಶ ಸಿಕ್ಕರೆ ಎದುರಿನಿಂದ ಫೋಟೋ ತೆಗೆದು ತೃಪ್ತರಾಗಬೇಡಿ. ಪಕ್ಕಕ್ಕೆ ಸರಿದು ನಿಂತು ಹತ್ತು ಅಚ್ಚುಗಳನ್ನು ಒಂದೊಂದಾಗಿ ಎಣಿಸಿ, ಸಣ್ಣ ಗಾಲಿ ಎಲ್ಲಿ ಮುಗಿದು ದೊಡ್ಡ ಗಾಲಿ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಗುರುತುಮಾಡಿಕೊಳ್ಳಿ, ಆಮೇಲೆ ಬಾಗಿ ಬೋಗಿಯ ಪಕ್ಕದಲ್ಲಿ ಶೂ ಜೋಡಿಸುತ್ತಿದ್ದ ಜಾಗವನ್ನು ಹುಡುಕಿ.