ಸಾಲೋ ಸುತ್ತೋ

ಉಲ್ಲನ್ ಟೋಪಿ ಹೆಣೆಯಲು ಕೂತವರು ಮೊದಲು ಕೇಳುವುದೇ ಇದು: ಸಾಲು ಸಾಲಾಗಿ ಹೆಣೆದು ಆಮೇಲೆ ಜೋಡಿಸಿ ಹೊಲಿಯಲಾ, ಇಲ್ಲ ಸುತ್ತಾಗಿಯೇ ಹೆಣೆಯಲಾ? ಹೊಲಿಯುವ ಬೇಜಾರಿಗೆ ಸುತ್ತೇ ಇರಲಿ ಅನ್ನುವವರು ಜಾಸ್ತಿ. ಟೋಪಿಗೆ, ಕಾಲುಚೀಲಕ್ಕೆ ನಾನೂ ಹಾಗೇ ಹೇಳುತ್ತೇನೆ. ಎಲ್ಲದಕ್ಕೂ ಅಲ್ಲ.

ಸಾಲಿನಲ್ಲಿ ಹೋಗುವಾಗ ಸೀದಾ (ನಮ್ಮ ಕಡೆಗೆ ನುಣುಪಾಗಿ ಕಾಣುವ ಕುಣಿಕೆ), ತಿರುಗಿಸಿಕೊಂಡು ಬರುವಾಗ ಉಲ್ಟಾ (ನಮ್ಮ ಕಡೆಗೆ ಉಬ್ಬಿ ಕಾಣುವ ಕುಣಿಕೆ). ಸುತ್ತಿನಲ್ಲಾದರೆ ಮುಂಬದಿ ಯಾವಾಗಲೂ ನಮ್ಮ ಕಡೆಗೇ. ಬರೀ ಸೀದಾ ಹಾಕುತ್ತಾ ಹೋದರೂ ಅದೇ ನುಣುಪು ಹೆಣಿಗೆ ಬರುತ್ತದೆ. ಸುಲಭ ಅಲ್ವಾ? ನಾನು ಏಮಾರಿದ್ದೂ ಅಲ್ಲೇ.

ಒಮ್ಮೆ ಅಳತೆಗೆಂದು ಸಾಲಿನಲ್ಲಿ ಒಂದು ತುಂಡು ಹೆಣೆದೆ. 10 ಸೆಂಟಿಮೀಟರಿಗೆ 20 ಕುಣಿಕೆ ಬಂತು. ಸರಿ, 100 ಕುಣಿಕೆ ಹಾಕಿದರೆ ಟೋಪಿ 50 ಸೆಂಟಿಮೀಟರ್ ಎಂದು ಸುತ್ತಿನಲ್ಲಿ ಶುರು ಮಾಡಿದೆ. ಮುಗಿಸಿ ಅಳೆದರೆ 45! ನನ್ನ ಕೈ ಉಲ್ಟಾ ಹಾಕುವಾಗ ಸಡಿಲ. ಸುತ್ತಿನಲ್ಲಿ ಉಲ್ಟಾವೇ ಇಲ್ಲ, ಹೆಣಿಗೆ ಬಿಗಿಯಾಯಿತು. ತುಂಬಾ ಜನರ ಕೈ ಹೀಗೇ. ಅದಕ್ಕೇ ಸುತ್ತಿನ ಕೆಲಸಕ್ಕೆ ಅಳತೆಯ ತುಂಡನ್ನೂ ಸುತ್ತಿನಲ್ಲೇ ಹೆಣೆದು ನೋಡಿ.

ಇನ್ನು ಸುತ್ತನ್ನು ಕೂಡಿಸುವ ಗಳಿಗೆ. ಸರ್ಕ್ಯುಲರ್ ಕಡ್ಡಿಯನ್ನು, ಅಂದರೆ ಬಾಗುವ ದಾರದಿಂದ ಜೋಡಿಸಿದ ಜೋಡಿ ಕಡ್ಡಿಯನ್ನು, ಮೇಜಿನ ಮೇಲಿಡಿ. ಕುಣಿಕೆಗಳ ಬುಡದ ಅಂಚು ಪೂರ್ತಿ ಒಳಗಡೆಗೇ ಇದೆಯಾ ಅಂತ ಬೆರಳಾಡಿಸಿ ನೋಡಿ. ಎಲ್ಲೋ ಒಂದು ಕಡೆ ಅಂಚು ಕಡ್ಡಿಯನ್ನು ಸುತ್ತಿಕೊಂಡಿದ್ದರೆ ಹೆಣಿಗೆ ತಿರುಚಿ ಹೋಗುತ್ತದೆ. ನಾಲ್ಕು ಬೆರಳು ಎತ್ತರ ಬಂದ ಮೇಲೆ ಗೊತ್ತಾದರೆ ಬಿಚ್ಚುವುದೇ ಗತಿ, ನಾನು ಬಿಚ್ಚಿದ್ದೇನೆ. ಕೂಡಿಸುವ ಜಾಗದಲ್ಲಿ ಸಂದು ಬೀಳಬಾರದು ಅಂದರೆ ಒಂದು ಕುಣಿಕೆ ಹೆಚ್ಚಿಗೆ ಹಾಕಿ, ಕೊನೆಯದನ್ನೂ ಮೊದಲನೆಯದನ್ನೂ ಸೇರಿಸಿ ಹೆಣೆಯಿರಿ. ಸುತ್ತು ಶುರುವಾಗುವ ಕಡೆ ಬೇರೆ ಬಣ್ಣದ ದಾರದ ಗುರುತು ಇರಲಿ.

ಸರ್ಕ್ಯುಲರ್ ಕಡ್ಡಿ ಹೆಣಿಗೆಯ ಸುತ್ತಳತೆಗಿಂತ ಸ್ವಲ್ಪ ಗಿಡ್ಡ ಇರಬೇಕು. ದೊಡ್ಡವರ ಟೋಪಿಗೆ 40 ಸೆಂಟಿಮೀಟರಿನದು ಸರಿ. ತುದಿ ಕಿರಿದಾಗುತ್ತಾ ಬಂದಾಗ ಎರಡೂ ಕಡೆ ಮೊನೆಯಿರುವ ಕಡ್ಡಿಗಳಿಗೆ ದಾಟಿಸಿಕೊಳ್ಳಿ.

ಸ್ವೆಟರ್ ಮಾತ್ರ ಬೇರೆ ಕತೆ. ದಪ್ಪ ನೂಲಿನದ್ದೋ ಹತ್ತಿ ನೂಲಿನದ್ದೋ ಆದರೆ ನಾನು ಸಾಲಿನಲ್ಲೇ ಹೆಣೆಯುತ್ತೇನೆ. ತನ್ನ ಭಾರಕ್ಕೆ ಜೋತುಬೀಳುವ ಬಟ್ಟೆಗೆ ಪಕ್ಕದ ಹೊಲಿಗೆ, ಹೆಗಲಿನ ಹೊಲಿಗೆ ಬೆನ್ನೆಲುಬಿದ್ದಂತೆ. ಹಿಂಭಾಗ ಅಳತೆ ತಪ್ಪಿದರೆ ಅದೊಂದನ್ನೇ ಬಿಚ್ಚಬಹುದು. ಅಡ್ಡಪಟ್ಟೆಯ ವಿನ್ಯಾಸಕ್ಕೂ ಸಾಲೇ ಚೆಂದ. ಸುತ್ತು ಅಂದರೆ ಸುರುಳಿ ತಾನೇ, ಬಣ್ಣ ಬದಲಾಗುವ ಕಡೆ ಪಟ್ಟೆ ಮೆಟ್ಟಿಲಿನಂತೆ ಒಂದು ಹಂತ ಎದ್ದು ಕಾಣುತ್ತದೆ. ಸಾಲಿನ ವಿನ್ಯಾಸವನ್ನು ಸುತ್ತಿಗೆ ಬದಲಾಯಿಸುವಾಗ ಹೊಲಿಗೆಗೆಂದು ಅಂಚಿನಲ್ಲಿ ಬಿಟ್ಟ ಎರಡು ಕುಣಿಕೆಗಳನ್ನು ಕಳೆಯಲು ಮರೆಯಬೇಡಿ.

ಅಂದಹಾಗೆ, ಸಾಲಿನ ಕೆಲಸಕ್ಕೂ ನಾನು ಹಿಡಿಯುವುದು ಸರ್ಕ್ಯುಲರ್ ಕಡ್ಡಿಯನ್ನೇ. ಭಾರವೆಲ್ಲ ಮಡಿಲಲ್ಲಿ ಕೂರುತ್ತದೆ, ಮಣಿಕಟ್ಟು ನೋಯುವುದಿಲ್ಲ. ಹೊಸದರ ಪ್ಲಾಸ್ಟಿಕ್ ದಾರ ಸುರುಳಿ ಸುತ್ತಿಕೊಂಡು ಕಾಟ ಕೊಟ್ಟರೆ ದಾರವನ್ನಷ್ಟೇ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ನೇರಕ್ಕೆ ಎಳೆದು ಹಿಡಿದು ಆರಲು ಬಿಡಿ.