ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ಹೋಲಿಸುವುದು ಹೇಗೆ? ಮೊದಲು ವಾಲ್ಯೂಮ್ ಸರಿಮಾಡಿಕೊಳ್ಳಿ

ಕ್ಲೋಸ್ಡ್ ಬ್ಯಾಕ್, ಅಂದರೆ ಕಪ್ಪಿನ ಹಿಂಬದಿ ಮುಚ್ಚಿರುವ, ದುಬಾರಿ ಹೆಡ್‌ಫೋನ್ ಎರಡನ್ನು ಮುಂದಿಟ್ಟುಕೊಂಡು ಕೂತವರನ್ನು ಗಮನಿಸಿ. ಒಂದರಲ್ಲಿ ಅರ್ಧ ಹಾಡು ಕೇಳುತ್ತಾರೆ, ತೆಗೆದು ಇನ್ನೊಂದನ್ನು ಹಾಕಿಕೊಳ್ಳುತ್ತಾರೆ, 'ಇದರಲ್ಲಿ ಎಲ್ಲಾ ಎಷ್ಟು ಸ್ಪಷ್ಟವಾಗಿ ಕೇಳುತ್ತೆ ಅಲ್ವಾ' ಅಂತಾರೆ. ವಾಲ್ಯೂಮ್ ಮುಟ್ಟಿರುವುದೇ ಇಲ್ಲ. ಗೆದ್ದದ್ದು ಒಳ್ಳೆಯದಲ್ಲ, ಜೋರಾಗಿ ಕೇಳಿದ್ದು. ಒಂದು ಡೆಸಿಬಲ್ ವ್ಯತ್ಯಾಸ ಇದ್ದರೂ ಕಿವಿ ಅದನ್ನು 'ಜೋರು' ಅಂತ ಗುರುತಿಸದೆ 'ಚೆನ್ನಾಗಿದೆ' ಅಂತ ತೀರ್ಪು ಕೊಟ್ಟುಬಿಡುತ್ತದೆ. ಮೇಲಾಗಿ, ಸದ್ದು ಏರಿದಷ್ಟೂ ಬೇಸ್ ನಮ್ಮ ಕಿವಿಗೆ ತುಂಬಿ ಬಂದಂತೆ ಕೇಳುತ್ತದೆ. ಅದಕ್ಕೇ ಬೇರೆಲ್ಲ ಆಮೇಲೆ.

ಮೊದಲ ಹಂತ ಸುಲಭ. ಒಂದೇ ಆಂಪ್, ಒಂದೇ ಫೈಲ್, ಈಕ್ವಲೈಜರ್ ಬಂದ್. ಕೇಬಲ್ ಬದಲಿಸುವ ಮುನ್ನ ಪ್ಲೇಯರ್ ನಿಲ್ಲಿಸಿ. ಜೊತೆಗೆ ಬಂದ ಕೇಬಲ್ಲೇ ಸಾಕು, ಹಗ್ಗದಷ್ಟು ದಪ್ಪದ ಕೇಬಲ್ ಕೊಳ್ಳಲು ಹೋಗಬೇಡಿ.

ಈಗ ವಾಲ್ಯೂಮ್. ನಾಬ್ ಒಂದೇ ಜಾಗದಲ್ಲಿದ್ದರೆ ಸದ್ದು ಒಂದೇ ಇರುತ್ತದೆ ಅನ್ನುವುದು ತಪ್ಪು. ಪೆಟ್ಟಿಗೆಯ ಮೇಲಿನ ಓಮ್ ಸಂಖ್ಯೆ (ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ) ನೋಡಿ ಅಂದಾಜು ಮಾಡುವುದೂ ತಪ್ಪು. ಈ ಜಾತಿಯ ಎರಡು ಹೆಡ್‌ಫೋನ್ ನೋಡಿ: ಫೋಕಲ್ ಸ್ಟೆಲ್ಲಿಯಾ 35 ಓಮ್, ಡ್ಯಾನ್ ಕ್ಲಾರ್ಕ್ ಸ್ಟೆಲ್ತ್ 23 ಓಮ್. ಎರಡೂ ಕಡಿಮೆಯೇ. ಆದರೆ ಸ್ಟೆಲ್ಲಿಯಾ ಫೋನಿನಲ್ಲೇ ಗಟ್ಟಿಯಾಗಿ ಹಾಡುತ್ತದೆ, ಸ್ಟೆಲ್ತ್‌ಗೆ ಶಕ್ತಿಯಿರುವ ಆಂಪ್ ಬೇಕೇ ಬೇಕು. ನೋಡಬೇಕಾದದ್ದು ಸೆನ್ಸಿಟಿವಿಟಿ, ಅಂದರೆ ಕೊಟ್ಟ ಶಕ್ತಿಗೆ ಎಷ್ಟು ಸದ್ದು ಬರುತ್ತದೆ ಅನ್ನುವ ಅಳತೆ. ಮಲ್ಟಿಮೀಟರ್ ಹಿಡಿದು ಎರಡಕ್ಕೂ ಒಂದೇ ವೋಲ್ಟೇಜ್ ಕೊಡುವವರೂ ಇದ್ದಾರೆ. ಅದರಿಂದ ವೋಲ್ಟೇಜ್ ಸಮ ಆಗುತ್ತದೆ, ಸದ್ದು ಆಗುವುದಿಲ್ಲ.

ಹೀಗೆ ಮಾಡಿ. ಇಯರ್ ಪ್ಯಾಡ್‌ಗಿಂತ ಸ್ವಲ್ಪ ದೊಡ್ಡದಾದ ಗಟ್ಟಿ ರಟ್ಟು ತೆಗೆದುಕೊಂಡು ನಡುವೆ ತೂತು ಕೊರೆಯಿರಿ. ಕಾಲರ್ ಮೈಕ್ ಇದ್ದರೆ ಅದರ ತಲೆ ಬಿಗಿಯಾಗಿ ಕೂರುವಷ್ಟು ತೂತು ಸಾಕು. ಫೋನಿನ ಮೈಕೇ ಆದರೆ ಅದರ ಕೆಳ ಅಂಚು ತೂರುವಷ್ಟು ಉದ್ದನೆಯ ಸೀಳು ಬೇಕು, ಫೋನ್ ಒಂದೆರಡು ಮಿಲಿಮೀಟರ್ ಮಾತ್ರ ಒಳಗೆ ಬರಲಿ. ಸುತ್ತ ಟೇಪ್ ಹಚ್ಚಿ ಸಂದು ಮುಚ್ಚಿ. ಒಂದು ಕಪ್ಪನ್ನು ರಟ್ಟಿನ ಮೇಲೆ ಬೋರಲು ಹಾಕಿ, ಮೇಲಿಂದ ಪುಸ್ತಕ ಇಟ್ಟು ಒತ್ತಿ. ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ, ಒಂದೇ ಸಮನೆ ಸುರಿಯುವ ಮಳೆಯಂಥ ಸದ್ದು) ನುಡಿಸಿ, ಡೆಸಿಬಲ್ ಆ್ಯಪ್ ತೋರಿಸುವ ಸಂಖ್ಯೆ ಬರೆದಿಟ್ಟುಕೊಳ್ಳಿ. ಕಪ್ ಎತ್ತಿ ಮತ್ತೆ ಇಟ್ಟು ನೋಡಿ. ಅದೇ ಸಂಖ್ಯೆ ಬರದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಟೇಪ್ ಸರಿಮಾಡಿ. ಇನ್ನೊಂದು ಹೆಡ್‌ಫೋನನ್ನೂ ಹೀಗೇ ಅಳೆದು, ಅರ್ಧ ಡೆಸಿಬಲ್ ಒಳಗೆ ಬರುವವರೆಗೆ ಸದ್ದು ಹೊಂದಿಸಿ. ಫೋನಿನ ಮೈಕ್ ಹೇಳುವ ಸಂಖ್ಯೆ ನಿಜವಾದ ಡೆಸಿಬಲ್ ಆಗಿರಬೇಕಿಲ್ಲ, ನಮಗೆ ಬೇಕಿರುವುದು ವ್ಯತ್ಯಾಸ ಮಾತ್ರ.

ಹೊಂದಿಸುವಾಗ ನಾಬ್ ಮುಟ್ಟದಿರುವುದು ನನ್ನ ಪದ್ಧತಿ. ಕಡಿಮೆ ಸದ್ದಿನ ಹೆಡ್‌ಫೋನ್‌ಗೆ ಬೇಕಾದಷ್ಟು ನಾಬ್ ತಿರುಗಿಸಿಟ್ಟು, ಜೋರಾಗಿರುವುದಕ್ಕೆ ಪ್ಲೇಯರಿನಲ್ಲೇ ಇಳಿಸುತ್ತೇನೆ. ತಿರುಗಿಸುವ ನಾಬ್‌ಗಳು ತೀರಾ ಕೆಳಗಿದ್ದಾಗ ಒಂದು ಕಿವಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಕಳಿಸುವುದುಂಟು. ಆಮೇಲೆ ಪಾಪ, ಹೆಡ್‌ಫೋನ್ ಬೈಸಿಕೊಳ್ಳುತ್ತದೆ. ಒಂದು ಎಚ್ಚರಿಕೆ: ಪ್ಲೇಯರ್ ಇಳಿಸದೆ ಜೋರಿನದನ್ನು ಕಿವಿಗೆ ಏರಿಸಬೇಡಿ. ಕೊನೆಗೆ, ಬರೀ ಒಂದು ಗಂಟಲಿನ ಹಾಡು ಹಾಕಿ ಕಿವಿಯಿಂದಲೂ ಪರೀಕ್ಷಿಸಿ, ಯಾಕೆಂದರೆ ರಟ್ಟು ಕಿವಿಯಲ್ಲ. ಒಂದರಲ್ಲಿ ಗಾಯಕಿ ಹತ್ತಿರ ಬಂದಂತೆ ಅನಿಸಿದರೆ ಅದನ್ನು ಒಂದು ಚೂರು ತಗ್ಗಿಸಿ.

ಮುಂದಿನದು ಸೀಲ್. ಕ್ಲೋಸ್ಡ್ ಬ್ಯಾಕ್‌ನಲ್ಲಿ ಬೇಸ್ ನಿಂತಿರುವುದೇ ಪ್ಯಾಡ್ ತಲೆಗೆ ಸಂದಿಲ್ಲದೆ ಕೂರುವುದರ ಮೇಲೆ. ಕನ್ನಡಕದ ಕಡ್ಡಿ, ದಟ್ಟ ಕೂದಲು, ಕಿವಿಯ ಕೆಳಗೆ ದವಡೆ ಹತ್ತಿರದ ತಗ್ಗು, ಇವು ಮೂರೂ ಸೋರಿಸುತ್ತವೆ. ಬೇಸ್ ಇರುವ ಹಾಡು ಹಾಕಿ, ಎರಡೂ ಕಪ್ಪನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಬೇಸ್ ಥಟ್ಟನೆ ಹೆಚ್ಚಾದರೆ ನಿಮ್ಮ ತಲೆಯ ಮೇಲೆ ಅದು ಸೋರುತ್ತಿದೆ. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿ. ದಿನವೂ ಕನ್ನಡಕ ಹಾಕುವವರು ಹಾಕಿಕೊಂಡೇ ತೀರ್ಮಾನಿಸಬೇಕು. 'ಇದರಲ್ಲಿ ಬೇಸೇ ಇಲ್ಲ' ಅನ್ನುವ ವಿಮರ್ಶೆ ಓದಿದಾಗೆಲ್ಲ, ಬರೆದವರ ಕನ್ನಡಕದ ಕಡ್ಡಿ ಎಷ್ಟು ದಪ್ಪ ಅಂತ ಕೇಳಬೇಕು ಅನಿಸುತ್ತದೆ.

ಈಗ ಕೇಳಿ. ಚೆನ್ನಾಗಿ ಗೊತ್ತಿರುವ ನಾಲ್ಕೈದು ಹಾಡು ಸಾಕು. ಅದರಲ್ಲಿ ಒಂದು ಗಂಡಸಿನ ದನಿ ಇರಲಿ. ಮುಚ್ಚಿದ ಕಪ್ಪಿನ ಗೋಡೆಗೆ ಸದ್ದು ಬಡಿದು ವಾಪಸ್ ಬರುವುದರಿಂದ ಎದೆಯ ದನಿ ಡಬ್ಬಿಯೊಳಗಿನಂತೆ ಕೇಳುವುದು ಈ ಜಾತಿಯ ಹಳೇ ಕಾಯಿಲೆ. ಸೆನ್‌ಹೈಸರ್ ಎಚ್‌ಡಿ 820ರ ಬಾಗಿದ ಗಾಜು, ಸ್ಟೆಲ್ತ್‌ನ ಒಳಗಿನ ಮೆಟಾಮೆಟೀರಿಯಲ್ ಜಾಲರಿ (ಸದ್ದನ್ನು ಪಳಗಿಸಲೆಂದೇ ಆಕಾರ ಕೊಟ್ಟ ಸಣ್ಣ ರಂಧ್ರಗಳ ತಟ್ಟೆ), ಎಲ್ಲ ಕಪ್ಪಿನೊಳಗೆ ಬಡಿದಾಡುವ ಸದ್ದನ್ನು ಹತ್ತಿಕ್ಕುವ ಸಾಹಸಗಳೇ. ಹತ್ತು ಹದಿನೈದು ಸೆಕೆಂಡಿನ ಒಂದೇ ತುಣುಕನ್ನು ಬೇಗ ಬೇಗ ಬದಲಿಸಿ ಕೇಳಿ, ಸೂಕ್ಷ್ಮ ವ್ಯತ್ಯಾಸ ಕಿವಿಯ ನೆನಪಿನಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಇನ್ನೊಂದು ದಿನ ಒಂದೊಂದನ್ನೇ ಇಡೀ ಸಂಜೆ ಕೇಳಿ. ಮೊದಲ ಕ್ಷಣಕ್ಕೆ ಮಿಂಚಿದ ಟ್ರೆಬಲ್ (ತಾರಕದ ಚೂಪು ಸದ್ದು) ಅಷ್ಟೊತ್ತಿಗೆ ತಲೆನೋವು ತಂದಿರಬಹುದು. ನೂರು ಗಂಟೆ ಸುಮ್ನೆ ನುಡಿಸಿಟ್ಟರೆ ಸರಿಹೋಗುತ್ತದೆ ಅನ್ನುವವರ ಮಾತಿಗೆ ಕಾಯಬೇಡಿ. ಕಾಲ ಕಳೆದಂತೆ ಮೆತ್ತಗಾಗುವುದು ಮುಖ್ಯವಾಗಿ ಪ್ಯಾಡ್, ಅದೂ ನಿಮ್ಮ ತಲೆಯ ಮೇಲಿದ್ದರೆ.

ಆರಾಮದ ಪರೀಕ್ಷೆ ಐದು ನಿಮಿಷದಲ್ಲಿ ಆಗುವುದಿಲ್ಲ, ಒಂದು ಗಂಟೆ ತೆಗೆಯದೆ ಹಾಕಿಕೊಂಡಿರಿ. ತೂಕ ಮುಖ್ಯ ನಿಜ: ಎಚ್‌ಡಿ 820 ಕೇಬಲ್ ಬಿಟ್ಟು 360 ಗ್ರಾಂ, ಆಡೀಜ್ ಎಲ್‌ಸಿಡಿ-ಎಕ್ಸ್‌ಸಿ 600 ಗ್ರಾಂ ದಾಟುತ್ತದೆ. ಆದರೆ ತೂಕ ಎಲ್ಲಿ ಕೂರುತ್ತದೆ ಅನ್ನುವುದು ಅದಕ್ಕಿಂತ ಮುಖ್ಯ. ನಡುನೆತ್ತಿಯ ಒಂದೇ ಬಿಂದುವಿಗೆ ಒತ್ತುವ ಹಗುರ ಹೆಡ್‌ಬ್ಯಾಂಡ್‌ಗಿಂತ ಅಗಲ ಪಟ್ಟಿಯ ಭಾರದ್ದು ವಾಸಿ. ಕಿವಿಯ ತುದಿ ಒಳಗಿನ ಬಟ್ಟೆಗೆ ತಾಗುತ್ತಿದೆಯಾ ನೋಡಿ, ಮೊದಲು ಗೊತ್ತೇ ಆಗದ ಆ ಸ್ಪರ್ಶ ಅರ್ಧ ಗಂಟೆಗೆ ಉರಿಯತೊಡಗುತ್ತದೆ. ಏನಾದರೂ ಅಗಿಯಿರಿ, ಮಾತಾಡಿ. ದವಡೆ ಆಡಿದಾಗಲೆಲ್ಲ ಸೀಲ್ ಬಿಟ್ಟು ಕೂಡಿದರೆ ಅದೂ ಕಿರಿಕಿರಿಯೇ. ಬಿಗಿ ಜಾಸ್ತಿ ಅಂತ ರಾತ್ರಿಯಿಡೀ ಪುಸ್ತಕದ ಅಟ್ಟಿಗೆ ಸಿಕ್ಕಿಸಿಡುವ ಉಪಾಯ ಬೇಡ. ಬಿಗಿ ಸಡಿಲವಾದರೆ ಸೀಲೂ ಸಡಿಲ.

ಕೊಳ್ಳುವ ಮುನ್ನ ಆ ಮಾಡೆಲ್‌ಗೆ ಕಂಪನಿಯದೇ ಪ್ಯಾಡ್ ಬಿಡಿಯಾಗಿ ಸಿಗುತ್ತದೆಯಾ ವಿಚಾರಿಸಿ. ಚರ್ಮದಂತೆ ಕಾಣುವ ಪ್ಯಾಡ್‌ಗಳು ಬೆವರಿಗೆ ಒಂದು ದಿನ ಸಿಪ್ಪೆ ಏಳುತ್ತವೆ. ಆಗ ಅಗ್ಗದ ಬೇರೆ ಪ್ಯಾಡ್ ತಂದು ಹಾಕಿದರೆ ದಪ್ಪ ಬೇರೆ, ಒಳಗಿನ ಜಾಗ ಬೇರೆ, ಸದ್ದೂ ಬೇರೆಯೇ. ಇಷ್ಟೆಲ್ಲ ಹೋಲಿಸಿ ಆರಿಸಿದ ಹೆಡ್‌ಫೋನ್ ಆಗ ನಿಮ್ಮ ಹತ್ತಿರ ಇರುವುದಿಲ್ಲ.